ಮೊದಲ ತುತ್ತಿನ ನಂತರ

ಅಗಿಯುತ್ತಿದ್ದ ಜಸ್ನಾಳ ಬಾಯಿ ತಟ್ಟನೆ ನಿಂತಿತು.

ಬಾಯೊಳಗೆ ಸ್ಪ್ರಿಂಗ್ ರೋಲಿನ ಒಂದು ತುತ್ತು ಇತ್ತು. ಅದರಲ್ಲಿ ಸ್ವಲ್ಪ ಆಗಲೇ ಗಂಟಲಿನಿಂದ ಕೆಳಗೆ ಇಳಿದೂ ಆಗಿತ್ತು. ಆಗ ಅವಳಿಗೆ ನೆನಪಾಯಿತು. ಇವತ್ತು ತನಗೆ ಉಪವಾಸ.

ಅದೂ ಅಂತಿಂಥ ಉಪವಾಸವಲ್ಲ, ಹತ್ತು ವರ್ಷದ ಜಸ್ನಾಳ ಮೊತ್ತಮೊದಲ ಉಪವಾಸ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಅರ್ಧ ನಿದ್ದೆಯಲ್ಲೇ ಅನ್ನ, ಮೀನು ಸಾರು ಉಂಡು, ಎರಡು ಲೋಟ ನೀರು ಕುಡಿದು ಹಿಡಿದದ್ದು. ಆಮೇಲೆ ಒಂದು ಹನಿ ನೀರೂ ಬಾಯಿಗೆ ಹೋಗಿರಲಿಲ್ಲ. ಹನ್ನೊಂದು ಗಂಟೆಗೆ ಹೊಟ್ಟೆ ಗುರುಗುಟ್ಟಿತು, ತಡೆದುಕೊಂಡಳು. ಎರಡು ಗಂಟೆಗೆ ತಲೆ ಸುತ್ತಿದ ಹಾಗಾಯಿತು, ಹಾಸಿಗೆಯಲ್ಲಿ ಮಲಗಿ ತಡೆದುಕೊಂಡಳು. ಇನ್ನು ಒಂದೂವರೆ ಗಂಟೆ ಕಳೆದಿದ್ದರೆ ಮಸೀದಿಯಲ್ಲಿ ಉಪವಾಸ ಬಿಡುವ ಹೊತ್ತಿನ ಮಗ್ರಿಬ್ ಬಾಂಗ್ ಕೊಡುತ್ತಿದ್ದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳುವವರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಜಸ್ನಾಳ ಕತೆ ಅದರ ಉಲ್ಟಾ. ಅವಳ ತುತ್ತು ಬಾಯಿಗೆ ಬಂದದ್ದೇ ತೊಂದರೆಯಾಯಿತು.

ಅದು ಹೇಗೆ ಬಂತು ಎಂದು ಹೇಳಬೇಕು.

ಗಲ್ಫಿನ ಖತೀಫಿನಲ್ಲಿ ಜಸ್ನಾಳ ಮನೆ ಇರುವ ಕಟ್ಟಡದ ಕೆಳಗೆ ಫಿಲಿಪೈನ್ಸಿನವರ ಒಂದು ಪುಟ್ಟ ಹೋಟೆಲ್ ಇದೆ. ರಂಝಾನ್ ತಿಂಗಳಲ್ಲಿ ಹಗಲೆಲ್ಲ ಅದು ಬಾಗಿಲು ಮುಚ್ಚಿರುತ್ತದೆ. ಸಂಜೆಯ ಅಸರ್ ನಮಾಝ್ ಮುಗಿದದ್ದೇ ತಡ, ಅದನ್ನು ನಡೆಸುವ ನೊರೈನಾ ಆಂಟಿ ಹೊರಗೆ ಒಂದು ಉದ್ದದ ಮೇಜು ಹಾಕಿ ಸ್ಪ್ರಿಂಗ್ ರೋಲ್ ಸುತ್ತಲು ಕೂರುತ್ತಾರೆ. ಎಣ್ಣೆಯಲ್ಲಿ ಕರಿದ ರೋಲ್ ಅಲ್ಲ, ಹಸಿಯದ್ದು. ನೀರುದೋಸೆಗಿಂತಲೂ ತೆಳುವಾದ ಒಂದು ಹಾಳೆ. ಅದರ ಮೇಲೆ ಒಂದು ಹಸಿರು ಸೊಪ್ಪಿನ ಎಲೆ, ಎಲೆಯ ಮೇಲೆ ಸಣ್ಣಗೆ ಹೆಚ್ಚಿ ಬಾಡಿಸಿದ ಬೀನ್ಸ್, ಕ್ಯಾರೆಟ್, ಕ್ಯಾಬೇಜು, ಗೆಣಸು. ಸುತ್ತಿ ಮುಗಿದ ಮೇಲೆ ಕಂದು ಬಣ್ಣದ ಸಿಹಿ ಸಾಸು, ಜಜ್ಜಿದ ಬೆಳ್ಳುಳ್ಳಿ, ಪುಡಿ ಮಾಡಿದ ನೆಲಗಡಲೆ. ಜನ ಅದನ್ನು ಇಫ್ತಾರಿಗೆಂದು ಮನೆಗೆ ಕಟ್ಟಿಸಿಕೊಂಡು ಹೋಗುತ್ತಾರೆ.

ಆದರೆ ಆಂಟಿಗೂ ಉಪವಾಸ. ಉಪವಾಸ ಇರುವವರು ಸಾಸಿನ ಉಪ್ಪು ನೋಡುವುದು ಹೇಗೆ? ಅದಕ್ಕೇ ಈ ಒಂದು ತಿಂಗಳು, ಉಪವಾಸ ಹಿಡಿಯದ ಪುಟ್ಟ ಮಕ್ಕಳಿಗೆ ಅಡುಗೆಮನೆಯಲ್ಲಿ ಎಲ್ಲಿಲ್ಲದ ಮರ್ಯಾದೆ. ಮೊದಲು ಉಪ್ಪು ನೋಡುತ್ತಿದ್ದವನು ಜಸ್ನಾಳ ಅಣ್ಣ ಅಫ್ರೀದ್. ಅವನು ದೊಡ್ಡವನಾಗಿ ಉಪವಾಸ ಹಿಡಿಯಲು ಶುರು ಮಾಡಿದ ಮೇಲೆ ಆ ಹುದ್ದೆ ಜಸ್ನಾಳಿಗೆ ಬಂತು. ಮೂರನೇ ಮಹಡಿಯಲ್ಲಿ ಉಮ್ಮನ ಗಂಜಿಯ ಉಪ್ಪು, ಕೆಳಗೆ ಆಂಟಿಯ ಸಾಸಿನ ಉಪ್ಪು. ಎರಡು ವರ್ಷದಿಂದ ಎರಡೂ ಕಡೆ ಅವಳು ನಾಲಿಗೆ ಚಪ್ಪರಿಸಿ "ಓಕೆ" ಎಂದ ಮೇಲೆಯೇ ಕೆಲಸ ಮುಂದಕ್ಕೆ ಹೋಗುತ್ತಿತ್ತು.

ಇವತ್ತು ಉಮ್ಮ ಅವಳನ್ನು ಕೆಳಗೆ ಕಳಿಸಿದ್ದು, ಸಂಜೆಗೆ ಇಪ್ಪತ್ತು ರೋಲ್ ಬೇಕೆಂದು ಆಂಟಿಗೆ ನೆನಪಿಸಲು. ಜೊತೆಗೆ, ಆಂಟಿಯೂ ಇಫ್ತಾರಿಗೆ ಮೇಲೆಯೇ ಬರಬೇಕೆಂದು ಹೇಳಲು. ತನ್ನ ಮೊದಲ ಉಪವಾಸದ ಸುದ್ದಿಯನ್ನು ತಾನೇ ಹೇಳಿ ಆಂಟಿಯನ್ನು ದಂಗುಬಡಿಸಬೇಕೆಂದು ಜಸ್ನಾ ಮೆಟ್ಟಿಲಿಳಿಯುವಾಗ ಯೋಚಿಸಿದ್ದಳು. ಆದರೆ ಮೇಜಿನ ಮುಂದೆ ನಾಲ್ಕು ಜನ ನಿಂತಿದ್ದರು. ಆಂಟಿಗೆ ತಲೆ ಎತ್ತಲೂ ಪುರಸೊತ್ತಿರಲಿಲ್ಲ. ರೋಲಿನ ವಿಷಯಕ್ಕೂ ಇಫ್ತಾರಿನ ವಿಷಯಕ್ಕೂ ಹ್ಞೂಂ ಹ್ಞೂಂ ಎಂದವರು, ಒಂದು ಪುಟ್ಟ ರೋಲಿನ ಮೇಲೆ ಸಾಸು ಹಾಕಿ ಅವಳ ಕೈಗಿಟ್ಟು, ದಿನಾ ಹೇಳುವ ಮಾತನ್ನೇ ಹೇಳಿದರು.

"ಯಲ್ಲಾ ಜಸ್ನಾ, ಸಾಲ್ಟ್ ಚೆಕ್."

ಕೈ ತಾನಾಗಿಯೇ ಬಾಯಿಗೆ ಹೋಯಿತು. ಎರಡು ವರ್ಷದ ಅಭ್ಯಾಸ.

ಈಗ ಅವಳ ಸ್ಥಿತಿ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರ ಹಾಗಾಗಿತ್ತು. ಉಗುಳುವುದಾ, ನುಂಗುವುದಾ?

ಉತ್ತರ ಅವಳಿಗೆ ಗೊತ್ತಿತ್ತು. ಮದ್ರಸದಲ್ಲಿ ಉಸ್ತಾದರು ಕಲಿಸಿದ್ದರು. ಮರೆತು ತಿಂದರೆ ಉಪವಾಸ ಮುರಿಯುವುದಿಲ್ಲ, ಅದು ಅಲ್ಲಾಹನೇ ತಿನ್ನಿಸಿದ್ದು. ನೆನಪಾದ ತಕ್ಷಣ ಬಾಯಲ್ಲಿದ್ದದ್ದನ್ನು ಉಗಿದು, ಬಾಯಿ ತೊಳೆದುಕೊಂಡರೆ ಸಾಕು. ಮದ್ರಸದ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅವಳಿಗೆ ಪೂರ್ತಿ ಮಾರ್ಕು ಸಿಕ್ಕಿತ್ತು. ಮೇಜಿನ ಮೇಲೆ ಟಿಶ್ಯೂ ಪೆಟ್ಟಿಗೆ ಇತ್ತು. ಪಕ್ಕದಲ್ಲೇ ಕಸದ ಬುಟ್ಟಿಯೂ ಇತ್ತು.

ಆದರೆ ನಾಲಿಗೆ ಪರೀಕ್ಷೆ ಬರೆದಿರಲಿಲ್ಲವಲ್ಲ. ಹನ್ನೆರಡು ಗಂಟೆ ಒಣಗಿದ್ದ ಬಾಯಿಗೆ ಸಿಹಿ ಸಾಸು ತಾಗಿತ್ತು. ಬೆಳ್ಳುಳ್ಳಿಯ ಘಾಟು ಮೂಗಿನವರೆಗೆ ಹೋಗಿತ್ತು. ಹಸಿರು ಎಲೆ ಹಲ್ಲಿನ ಅಡಿಯಲ್ಲಿ ಕರಕ್ ಎನ್ನುತ್ತಿತ್ತು.

ಜಸ್ನಾ ನುಂಗಿದಳು.

ಮತ್ತೆ ಸುತ್ತ ನೋಡಿದಳು. ಆಂಟಿ ಬೆನ್ನು ತಿರುಗಿಸಿ ಯಾರಿಗೋ ಕಟ್ಟಿಕೊಡುತ್ತಿದ್ದರು. ಜಸ್ನಾ ಹೋಟೆಲಿನ ಗೋಡೆಯ ಕಡೆಗೆ ತಿರುಗಿ ಎರಡನೇ ತುತ್ತು ಕಚ್ಚಿದಳು. ಆ ತುತ್ತಿನಲ್ಲಿ ಗೆಣಸು ಸಿಕ್ಕಿತು, ಬೆಣ್ಣೆಯಷ್ಟು ಮೆತ್ತಗೆ. ಮೂರನೆಯದರಲ್ಲಿ ನೆಲಗಡಲೆ. ಅಯ್ಯೋ, ಎಷ್ಟು ರುಚಿಯಾಗಿತ್ತು ಅದು! ರೋಲಿನೊಳಗೆ ಇದ್ದದ್ದು ನಾಲ್ಕು ತರಕಾರಿ ಮಾತ್ರ, ಆದರೆ ಇಷ್ಟು ರುಚಿಯಾದದ್ದನ್ನು ತಾನು ಹುಟ್ಟಿದ ಮೇಲೆ ತಿಂದೇ ಇಲ್ಲ ಎಂದು ಅವಳಿಗೆ ಅನ್ನಿಸಿತು. ನಾಲ್ಕನೇ ತುತ್ತಿಗೆ ರೋಲ್ ಮುಗಿಯಿತು. ಬೆರಳಿನ ತುದಿಯಲ್ಲಿದ್ದ ಸಾಸನ್ನೂ ನೆಕ್ಕಿದಳು.

ಆಂಟಿ ತಿರುಗಿ ಹುಬ್ಬು ಹಾರಿಸಿ ಕೇಳಿದರು. ಜಸ್ನಾ ಹೆಬ್ಬೆರಳು ಎತ್ತಿ ತೋರಿಸಿದಳು. ಉಪ್ಪು ಸರಿ ಇತ್ತು. ಉಪ್ಪು ಒಂದು ಬಿಟ್ಟು ಉಳಿದದ್ದೆಲ್ಲ ಕೆಟ್ಟಿತ್ತು.

ಮೆಟ್ಟಿಲು ಹತ್ತುವಾಗ ಹೆದರಿಕೆಯೂ ಅವಳ ಜೊತೆಗೇ ಹತ್ತಿತು. ಮೊದಲ ಮಹಡಿಯಲ್ಲಿ ಅದು ಸಣ್ಣದಿತ್ತು. ಯಾರಾದರೂ ನೋಡಿದರೋ ಏನೋ ಎಂಬಷ್ಟು. ಎರಡನೇ ಮಹಡಿಯಲ್ಲಿ ಉಮ್ಮನ ಮುಖ ನೆನಪಾಯಿತು. ಮೂರನೆಯದಕ್ಕೆ ಬಂದಾಗ ಅಜ್ಜಿಯ ನೆನಪಾಗಿ ಕಾಲು ಅಲ್ಲೇ ನಿಂತುಬಿಟ್ಟಿತು.

ಈ ಉಪವಾಸ ಹಿಡಿದದ್ದೇ ಅಜ್ಜಿಗಾಗಿ.

ಅಜ್ಜಿ ಎಂದರೆ ಅಬ್ಬನ ಉಮ್ಮ, ಅಪ್ಪನ ತಾಯಿ. ಅವರು ಊರಿನಲ್ಲಿ, ಉಪ್ಪಿನಂಗಡಿಯಲ್ಲಿ ಇರುವುದು. ಈಗ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ನಾಳೆ ಬೆಳಿಗ್ಗೆ ಅವರ ಎದೆ ತೆರೆದು ಹೃದಯದ ಆಪರೇಷನ್ ಮಾಡುವವರಿದ್ದರು. ಅಬ್ಬನಿಗೆ ಹೋಗಲು ಕಂಪೆನಿಯಲ್ಲಿ ರಜೆ ಸಿಕ್ಕಿರಲಿಲ್ಲ. ಚಿಕ್ಕಪ್ಪ ನಬೀಲ್ ಒಬ್ಬರೇ ಅಲ್ಲಿ ಓಡಾಡುತ್ತಿದ್ದರು. ಕಳೆದ ವಾರ ಫೋನಿನಲ್ಲಿ ಅಜ್ಜಿಯೇ ಕೇಳಿದ್ದರು. ಜಸ್ನಾ ಹೇಗೂ ಈ ವರ್ಷ ಒಂದು ನೋಂಬು ಹಿಡಿಯುತ್ತಾಳಲ್ಲ, ಅದನ್ನು ಆಪರೇಷನ್ನಿನ ಹಿಂದಿನ ದಿನ ಹಿಡಿಯಲಿ. ನೋಂಬು ಬಿಡುವ ಹೊತ್ತಿನಲ್ಲಿ ಕೈಯೆತ್ತಿ ಬೇಡಿದ ದುವಾವನ್ನು ಅಲ್ಲಾಹ ತಳ್ಳಿಹಾಕುವುದಿಲ್ಲ. ಅದರಲ್ಲೂ ಮಗುವಿನ ಮೊದಲ ನೋಂಬು. ನನಗಾಗಿ ಅವಳೊಂದು ದುವಾ ಮಾಡಲಿ ಎಂದಿದ್ದರು.

ಆವತ್ತಿನಿಂದ ಅಬ್ಬ ಜಸ್ನಾಳನ್ನು ನೋಡುವ ರೀತಿಯೇ ಬದಲಾಗಿತ್ತು. ಆಪರೇಷನ್ ಮಾಡುವ ಡಾಕ್ಟರನ್ನು ನೋಡುವ ಹಾಗೆ ನೋಡುತ್ತಿದ್ದರು.

ಈಗ ಉಪವಾಸ ಹೊಟ್ಟೆಯೊಳಗೆ ಮುರಿದು ಬಿದ್ದಿದೆ. ಉಪವಾಸವೇ ಇಲ್ಲದ ಮೇಲೆ ಆ ದುವಾ ಎಲ್ಲಿಗೆ ಹೋಗುತ್ತದೆ? ದುವಾ ಹೋಗದಿದ್ದರೆ ಅಜ್ಜಿಗೆ ಏನಾಗುತ್ತದೆ?

ಜಸ್ನಾ ಮೆಲ್ಲನೆ ಬಾಗಿಲು ತಳ್ಳಿದಳು.

ಮನೆಯೊಳಗೆ ಯಾರಿಗೂ ಅವಳ ಕಡೆ ನೋಡಲು ಪುರಸೊತ್ತಿರಲಿಲ್ಲ, ಅದೊಂದು ಪುಣ್ಯ. ಅವಳು ಸೀದಾ ಬಾತ್‌ರೂಮಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿದಳು. ಬೆಳ್ಳುಳ್ಳಿ. ಟೂತ್‌ಪೇಸ್ಟ್ ಕೈಗೆ ತೆಗೆದುಕೊಂಡು, ಅದರ ವಾಸನೆಗೆ ಇನ್ನೂ ಹೆಚ್ಚು ಸಂಶಯ ಬಂದೀತೆಂದು ಹೆದರಿ ಅಲ್ಲೇ ಇಟ್ಟಳು. ಮತ್ತೆ ಮುಕ್ಕಳಿಸಿದಳು. ಏಳೆಂಟು ಸಲ ಮುಕ್ಕಳಿಸಿದರೂ ಬೆಳ್ಳುಳ್ಳಿ ಕದಲಲಿಲ್ಲ.

ಹೊರಗೆ ಬರುವಾಗ ಅಫ್ರೀದ್ ಎದುರಿಗೆ ಸಿಕ್ಕಿದ. ಹಾಲಿನಲ್ಲಿ ಸುಪ್ರಾ ಹಾಸುವ ಕೆಲಸ ಅವನದು. ನೆಲದ ಮೇಲೆ ಹಾಸಿ ಊಟಕ್ಕೆ ಕೂರುವ ಆ ಪ್ಲಾಸ್ಟಿಕ್ ಹಾಳೆ ಅವನ ಕಂಕುಳಲ್ಲಿತ್ತು. ಅವನು ಮೂಗು ಅರಳಿಸಿದ.

"ಎಂತ ಸ್ಮೆಲ್ ಇದು?"

"ನಾನೆಂತ ತಿನ್ಲಿಲ್ಲ," ಎಂದಳು ಜಸ್ನಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ. ತಿಂದೆಯಾ ಎಂದು ಅವನು ಕೇಳಿಯೇ ಇರಲಿಲ್ಲ. ಅವನು ಒಂದು ಕ್ಷಣ ಅವಳನ್ನೇ ನೋಡಿದ. ಅಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬಂತು. ಓ, ಉಮ್ಮ ಬೆಳ್ಳುಳ್ಳಿ ಹಾಕಿದ್ದಾ ಎಂದು ಗೊಣಗಿ ಹೋದ. ಜಸ್ನಾಳ ಜೀವ ಬಾಯಿಗೆ ಬಂದು ವಾಪಸು ಹೋಯಿತು.

ಉಮ್ಮ ಹೊಸ ಬಟ್ಟೆ ತೆಗೆದಿಟ್ಟಿದ್ದರು. ಆಕಾಶ ಬಣ್ಣದ ಉದ್ದ ಫ್ರಾಕು, ಅದಕ್ಕೊಪ್ಪುವ ಶಾಲು. ತೊಡಿಸುವಾಗ ಉಮ್ಮ ಅವಳ ಕೆನ್ನೆ ಸವರಿ, ಮುಖ ಬಾಡಿದೆಯಲ್ಲ ಮಗಾ, ಇನ್ನು ಸ್ವಲ್ಪ ಹೊತ್ತು ಎಂದು ಸಮಾಧಾನ ಹೇಳಿದರು. ಮುಖ ಬಾಡಿದ್ದು ಹಸಿವಿನಿಂದಲ್ಲ. ಜಸ್ನಾ ಉಸಿರು ಬಿಗಿ ಹಿಡಿದು, ತುಟಿ ಒತ್ತಿಕೊಂಡು ನಿಂತಳು. ಉಮ್ಮನ ಕೈ ಎಷ್ಟು ಮೆತ್ತಗೆ ಇತ್ತೋ ಅವಳಿಗೆ ಅಷ್ಟೇ ಹೆದರಿಕೆಯಾಯಿತು.

ಅಬ್ಬ ಒಂದು ವಾರದಿಂದ ಮಾಡುವ ಹಾಗೆ ಬಾಲ್ಕನಿಯಲ್ಲಿ ಫೋನ್ ಹಿಡಿದು ಆಚೆ ಈಚೆ ನಡೆಯುತ್ತಿದ್ದರು. ಚಿಕ್ಕಪ್ಪನ ಹತ್ತಿರ ರಕ್ತದ ಬಾಟಲಿಗಳ ಬಗ್ಗೆ ಮಾತು. ಮುಗಿಸಿ ಒಳಗೆ ಬಂದವರು ಜಸ್ನಾಳನ್ನು ಕಂಡು ನಿಂತರು. ಹೊಸ ಬಟ್ಟೆ ಚಂದ ಉಂಟು ಎಂದು ಹೇಳುತ್ತಾರೆಂದು ಅವಳು ಕಾದಳು. ಅವರು ಹೇಳಿದ್ದು ಬೇರೆ.

"ಬಾಂಗಿಗೆ ಐದು ನಿಮಿಷ ಇರುವಾಗ ಅಜ್ಜಿಗೆ ವಿಡಿಯೋ ಕಾಲ್ ಮಾಡುವ. ನೀನು ದುವಾ ಮಾಡುವುದು ಅವರಿಗೆ ಕೇಳ್ಬೇಕಂತೆ. ಆಯ್ತಾ ಮಗಾ?"

ಜಸ್ನಾ ತಲೆಯಾಡಿಸಿದಳು. ಈಗಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದಳು ಕೂಡ. ಅಬ್ಬನ ಕಣ್ಣು ಕೆಂಪಾಗಿತ್ತು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ಎದುರಿನ ಫ್ಲ್ಯಾಟಿನಿಂದ ಭಟ್ಕಳದ ಝೈಬುನ್ನಿಸಾ ಆಂಟಿ ಒಂದು ಪಾತ್ರೆ ತುಂಬ ಹಲ್ವ ಹಿಡಿದುಕೊಂಡು ಬಂದರು. ಇಷ್ಟು ಪುಟ್ಟ ಹುಡುಗಿ ಅಜ್ಜಿಗಾಗಿ ಹಸಿದು ಕೂತಿದ್ದಾಳಲ್ಲ, ಇಂಥ ಮಗಳು ಯಾರಿಗುಂಟು ಎಂದು ಹೊಗಳಿದರು. ಹೊಗಳಿಕೆ ಇಷ್ಟು ಚುಚ್ಚುತ್ತದೆಂದು ಜಸ್ನಾಳಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ನೊರೈನಾ ಆಂಟಿ! ಅವರು ಈಗ ಮೇಲೆ ಬರುತ್ತಾರೆ. ಇಪ್ಪತ್ತು ರೋಲ್ ಹಿಡಿದುಕೊಂಡು ಬರುತ್ತಾರೆ. ಬಂದವರು ಸುಮ್ಮನೆ ಇರುತ್ತಾರಾ? ಜಸ್ನಾ ಟೇಸ್ಟ್ ಮಾಡಿ ಓಕೆ ಎಂದಿದ್ದಾಳೆ ಎಂದು ಎಲ್ಲರೆದುರು ಹೇಳಿಯೇ ಹೇಳುತ್ತಾರೆ.

ಬೆಲ್ ಆಗುವ ಮೊದಲೇ ಅವಳು ಬಾಗಿಲ ಹತ್ತಿರ ಹೋಗಿ ನಿಂತಳು. ಕಿವಿಯನ್ನು ಮೆಟ್ಟಿಲಿನ ಕಡೆಗೇ ಇಟ್ಟಿದ್ದಳು. ಚಪ್ಪಲಿಯ ಸದ್ದು ಮೊದಲ ಮಹಡಿ ದಾಟಿತು, ಎರಡನೆಯದು ದಾಟಿತು. ಬೆಲ್ ಆಯಿತು. ಬಾಗಿಲನ್ನು ಸ್ವಲ್ಪವೇ ತೆರೆದು, ಆಂಟಿಯ ಕೈಯ ಟ್ರೇಯನ್ನು ಬೇಗ ಇಸಿದುಕೊಳ್ಳಲು ನೋಡಿದಳು.

ನೊರೈನಾ ಆಂಟಿ ಟ್ರೇ ಕೊಡಲಿಲ್ಲ. ಅವಳ ಹೊಸ ಬಟ್ಟೆ ನೋಡಿ, ಏನು ವಿಶೇಷ ಎಂದು ಕೇಳಿದರು. ಕೇಳಿದ್ದು ಜಸ್ನಾಳನ್ನು. ಹಿಂದಿಯಲ್ಲಿ ಉತ್ತರ ಕೊಟ್ಟದ್ದು ಬೆನ್ನ ಹಿಂದಿನಿಂದ ಬಂದ ಉಮ್ಮ.

"ಫಸ್ಟ್ ರೋಝಾ ಅಲ್ವಾ ಇವಳದ್ದು. ನಿಮಗೆ ಹೇಳಲಿಲ್ಲವಾ ಇವಳು?"

ನೊರೈನಾ ಆಂಟಿಯ ಮುಖದಿಂದ ನಗು ಇಳಿದುಹೋಯಿತು. ಅವರು ಟ್ರೇಯನ್ನು ಗೋಡೆಯ ಬದಿಯ ಸ್ಟೂಲಿನ ಮೇಲಿಟ್ಟು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದರು. ಆಮೇಲೆ ಜಸ್ನಾಳ ಮುಂದೆ ಮಂಡಿಯೂರಿ ಕೂತು, ಇಂಗ್ಲಿಷು, ಹಿಂದಿ, ಅರಬಿ ಮೂರನ್ನೂ ಕಲಸಿ ಅಳುವ ಸ್ವರದಲ್ಲಿ ಏನೇನೋ ಹೇಳಿದರು. ತಪ್ಪು ತನ್ನದು. ಮಗುವಿಗೆ ಉಪವಾಸ ಎಂದು ತನಗೆ ಗೊತ್ತಿರಲಿಲ್ಲ. ತಾನೇ ಕೈಗೆ ರೋಲ್ ಕೊಟ್ಟು ತಿನ್ನಿಸಿದೆ. ದಿನಾ ತಿನ್ನುವ ಮಗು, ಪಾಪ, ಮರೆತು ತಿಂದಿತು.

ಹಾಲಿನಲ್ಲಿದ್ದವರೆಲ್ಲ ಬಾಗಿಲಿನ ಕಡೆ ತಿರುಗಿದರು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡು ಜಸ್ನಾ ಕಣ್ಣು ಮುಚ್ಚಿದಳು.

ಉಮ್ಮ ಜೋರಾಗಿ ಉಸಿರು ಬಿಟ್ಟು ನಕ್ಕರು.

"ಅಷ್ಟೇಯಾ? ಮರೆತು ತಿಂದರೆ ನೋಂಬು ಮುರಿಯುವುದಿಲ್ಲ ಮಾರಾಯ್ತಿ. ಅಲ್ಲಾಹನೇ ತಿನ್ನಿಸಿದ್ದು ಅದು. ನೀವ್ಯಾಕೆ ಅಳುವುದು?"

ಝೈಬುನ್ನಿಸಾ ಆಂಟಿಯೂ ನಕ್ಕರು. ಮೊದಲ ಉಪವಾಸದ ದಿನ ತಾನೂ ಮರೆತು ಒಂದು ಇಡೀ ಚಿಕ್ಕು ತಿಂದಿದ್ದೆ, ಎಲ್ಲರಿಗೂ ಒಂದೊಂದು ಸಲ ಹೀಗಾಗುತ್ತದೆ ಎಂದರು. ಅದಕ್ಕೇ ಮುಖ ಹೀಗೆ ಮಾಡಿಕೊಂಡಿದ್ದಾಳೆ ಎಂದು ಅಫ್ರೀದ್ ಹೇಳಿದ. ಅಬ್ಬ ಹತ್ತಿರ ಬಂದು ತಲೆ ಸವರಿ, ಹೆದರಬೇಡ, ನಿನ್ನ ನೋಂಬು ಗಟ್ಟಿ ಉಂಟು ಎಂದರು. ನೊರೈನಾ ಆಂಟಿ ಕಣ್ಣೊರೆಸಿಕೊಂಡು ಅವಳ ಕೆನ್ನೆಗೆ ಮುತ್ತು ಕೊಟ್ಟರು.

ಎಲ್ಲ ಸರಿಹೋಯಿತು. ಬೈಗುಳವಿಲ್ಲ, ಏನಿಲ್ಲ. ಜಸ್ನಾ ಇನ್ನು ಬಾಯಿ ಮುಚ್ಚಿಕೊಂಡು ಕೂತರೆ ಸಾಕು.

ಆದರೆ ಹೆದರಿಕೆ ಕಡಿಮೆಯಾಗಲಿಲ್ಲ. ಇಷ್ಟು ಹೊತ್ತು, ಯಾರಿಗಾದರೂ ಗೊತ್ತಾದರೆ ಎಂದು ಹೆದರಿದ್ದಳು. ಈಗ, ಯಾರಿಗೂ ಗೊತ್ತಾಗುವುದೇ ಇಲ್ಲವಲ್ಲ ಎಂದು ಹೆದರಿದಳು. ಮರೆತು ತಿಂದದ್ದು ಒಂದೇ ತುತ್ತು. ಉಳಿದ ಮೂರು ತುತ್ತು ತಿನ್ನುವಾಗ ನೆನಪಿತ್ತು. ಚೆನ್ನಾಗಿ ನೆನಪಿತ್ತು. ಗೋಡೆಗೆ ತಿರುಗಿ ತಿಂದವಳು ಅವಳೇ. ಅದು ಗೊತ್ತಿರುವುದು ಅವಳಿಗೆ ಮತ್ತು ಯಾರ ಹತ್ತಿರ ದುವಾ ಕೇಳಬೇಕೋ ಅವನಿಗೆ.

ಎಲ್ಲರೂ ಸುಪ್ರಾದ ಸುತ್ತ ಕೂತರು. ನಡುವೆ ಖರ್ಜೂರ, ಗಂಜಿ, ಸಮೋಸ, ಹಲ್ವ, ಸಾಲಾಗಿ ಇಟ್ಟ ಇಪ್ಪತ್ತು ರೋಲ್. ಜಸ್ನಾ ಆ ಕಡೆ ನೋಡಲಿಲ್ಲ. ಅಬ್ಬ ಫೋನ್ ಮಾಡಿದರು. ಒಂದು ಸಲ ರಿಂಗ್ ಆಗುವಷ್ಟರಲ್ಲಿ ಚಿಕ್ಕಪ್ಪ ಎತ್ತಿದರು. ಪರದೆಯಲ್ಲಿ ಬಿಳಿ ದಿಂಬು, ದಿಂಬಿನ ಮೇಲೆ ಅಜ್ಜಿಯ ಮುಖ. ಶಾಲಿನೊಳಗೆ ಆ ಮುಖ ತುಂಬಾ ಸಣ್ಣದಾಗಿ ಕಂಡಿತು. ಕೈಯ ಮೇಲೆ ಸೂಜಿ ಚುಚ್ಚಿ ಪ್ಲಾಸ್ಟರ್ ಹಚ್ಚಿದ್ದರು.

"ನನ್ನ ಮಗು ಎಲ್ಲಿ?" ಎಂದು ಅಜ್ಜಿ ಕೇಳಿದರು.

ಅಬ್ಬ ಫೋನನ್ನು ಜಸ್ನಾಳ ಮುಂದೆ ಹಿಡಿದರು. ಬಾಂಗಿಗೆ ಇನ್ನು ನಾಲ್ಕು ನಿಮಿಷ ಎಂದು ಅಫ್ರೀದ್ ಹೇಳಿದ.

ಜಸ್ನಾಳಿಗೆ ಕಲಿತಿದ್ದ ದುವಾದ ಒಂದು ಶಬ್ದವೂ ನೆನಪಿಗೆ ಬರಲಿಲ್ಲ. ಅವಳು ಫೋನನ್ನು ನೋಡದೆ ಅಬ್ಬನನ್ನು ನೋಡಿದಳು.

"ಅಬ್ಬಾ, ನಾನು ಮರೆತದ್ದು ಒಂದೇ ತುತ್ತು."

ಅಬ್ಬನಿಗೆ ಅರ್ಥವಾಗಲಿಲ್ಲ.

"ಮತ್ತೆ ನಂಗೆ ನೆನಪಾಯ್ತು. ನೆನಪಾದ ಮೇಲೂ ತಿಂದೆ. ಇಡೀ ರೋಲ್ ತಿಂದೆ. ನಂಗೆ ನೋಂಬು ಇಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಕಣ್ಣೀರು ಬಂದು ಹೊಸ ಫ್ರಾಕಿನ ಮೇಲೆ ಬಿತ್ತು. ಖರ್ಜೂರದ ತಟ್ಟೆಗೆ ಕೈ ಚಾಚಿದ್ದ ಉಮ್ಮ ಹಾಗೆಯೇ ಕೂತರು. ಝೈಬುನ್ನಿಸಾ ಆಂಟಿ ಕೆಳಗೆ ನೋಡಿದರು. ಅಫ್ರೀದ್ ನಗುತ್ತಾನೆಂದು ಅವಳು ತಿಳಿದಿದ್ದಳು. ಅವನು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಅಬ್ಬನ ಮುಖದಲ್ಲಿ ಸಿಟ್ಟು ಇರಲಿಲ್ಲ. ಕೈಯಲ್ಲಿ ಹಿಡಿದಿದ್ದ ಏನೋ ಜಾರಿಹೋದವರ ಹಾಗೆ ಇತ್ತು ಆ ಮುಖ. ಅವರು ಕೊನೆಗೆ ಫೋನನ್ನು ಅವಳ ಕೈಗೇ ಕೊಟ್ಟರು.

"ಅಜ್ಜಿಗೆ ನೀನೇ ಹೇಳು."

ಇದಕ್ಕಿಂತ ಎರಡು ಏಟು ಹೊಡೆದಿದ್ದರೆ ಒಳ್ಳೆಯದಿತ್ತು. ಜಸ್ನಾ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಹೇಳುವ ಅಗತ್ಯ ಬರಲಿಲ್ಲ. ಅಜ್ಜಿಗೆ ಎಲ್ಲವೂ ಕೇಳಿಸಿತ್ತು.

"ಅಳಬೇಡ," ಎಂದರು ಅಜ್ಜಿ. ಸ್ವರ ತುಂಬಾ ಸಣ್ಣಗಿತ್ತು. "ನಾನೊಂದು ಹೇಳ್ತೇನೆ, ಕೇಳು. ನಿನ್ನ ಅಬ್ಬನಿಗೂ ಗೊತ್ತಿಲ್ಲ ಇದು. ನಂಗೂ ನೋಂಬು ಇಲ್ಲ. ಈ ವರ್ಷ ಒಂದೂ ಇಲ್ಲ. ಡಾಕ್ಟ್ರು ಗುಳಿಗೆ ಮೇಲೆ ಗುಳಿಗೆ ನುಂಗಿಸ್ತಾರೆ. ಐವತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು."

ಅಜ್ಜಿ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು.

"ನೋಂಬೇ ಇಲ್ಲದ ನಂದು ಅಲ್ಲಿವರೆಗೆ ಹೋಗ್ಲಿಕ್ಕಿಲ್ಲ ಅಂತ ಹೆದರಿಕೆ ಆಯ್ತು ನಂಗೆ. ಅದಕ್ಕೆ ನಿನ್ನ ಹತ್ತಿರ ಕೇಳಿದ್ದು. ನಿನ್ನ ತಲೆ ಮೇಲೆ ಹಾಕಿದೆ, ಪಾಪ."

ಜಸ್ನಾಳ ಅಳು ಹಾಗೆಯೇ ನಿಂತಿತು. ಅಜ್ಜಿಗೆ ಹೆದರಿಕೆಯಾಗುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ. ಅಜ್ಜಿ ಹಾವನ್ನು ಕೋಲಿನಿಂದ ಓಡಿಸಿದವರು. ಊರಿನ ಹೊಳೆ ಉಕ್ಕಿ ಅಂಗಳಕ್ಕೆ ಬಂದ ವರ್ಷ ಅಕ್ಕಿಮುಡಿಯನ್ನು ಒಬ್ಬರೇ ಅಟ್ಟಕ್ಕೆ ಏರಿಸಿದವರು.

"ಅಜ್ಜಿ, ಈಗಲೂ ಹೆದರಿಕೆ ಆಗ್ತದಾ ನಿಮಗೆ?"

"ಆಗ್ತದೆ ಮಗಾ. ತುಂಬಾ ಆಗ್ತದೆ."

"ನಂಗೂ."

"ಹಾಗಾದ್ರೆ ಇಬ್ರೂ ಒಟ್ಟಿಗೆ ಕೇಳುವ. ನಿಂಗೂ ಇಲ್ಲ, ನಂಗೂ ಇಲ್ಲ. ಒಟ್ಟಿಗೆ ಕೇಳುವ."

ಹೊರಗೆ ಮಸೀದಿಯ ಮೈಕಿನಲ್ಲಿ ಬಾಂಗ್ ಶುರುವಾಯಿತು. ಯಾರೂ ಖರ್ಜೂರಕ್ಕೆ ಕೈ ಹಾಕಲಿಲ್ಲ. ಅಫ್ರೀದ್ ಫೋನನ್ನು ತೆಗೆದುಕೊಂಡು ಅಜ್ಜಿಗೆ ಕಾಣುವ ಹಾಗೆ ನೀರಿನ ಜಗ್ಗಿಗೆ ಒರಗಿಸಿ ಇಟ್ಟ. ಜಸ್ನಾ ಎರಡೂ ಕೈ ಎತ್ತಿದಳು. ಪರದೆಯೊಳಗೆ ಅಜ್ಜಿಯೂ ಎತ್ತಿದರು. ಪ್ಲಾಸ್ಟರ್ ಹಚ್ಚಿದ ಕೈ ಮೇಲೆ ಬರಲು ಸ್ವಲ್ಪ ಹೊತ್ತು ಬೇಕಾಯಿತು, ಜಸ್ನಾ ಕಾದಳು.

ಕಲಿತ ದುವಾ ಈಗಲೂ ನೆನಪಾಗಲಿಲ್ಲ. ಅವಳು ಬಾಯಿಗೆ ಬಂದದ್ದನ್ನು ಹೇಳಿದಳು.

"ಅಲ್ಲಾಹನೇ, ನಂಗೆ ಇವತ್ತು ನೋಂಬು ಇಲ್ಲ. ನಾನೇ ತಿಂದದ್ದು. ಅಜ್ಜಿಗೂ ಇಲ್ಲ, ಅವರದ್ದು ತಪ್ಪಿಲ್ಲ. ನಮಗೆ ಹೆದರಿಕೆ ಆಗ್ತಾ ಉಂಟು. ನಾಳೆ ಅಜ್ಜಿಯ ಆಪರೇಷನ್ ಒಳ್ಳೆ ಆಗ್ಲಿ. ಅಜ್ಜಿ ಎದ್ದು ಕೂತ್ಕೊಳ್ಳಲಿ. ನಾನು ಇನ್ನೊಂದು ನೋಂಬು ಹಿಡಿತೇನೆ, ಅದು ಬೇರೆ."

ಆಮೀನ್ ಎಂದು ಮೊದಲು ಹೇಳಿದ್ದು ಫೋನಿನೊಳಗಿನ ಅಜ್ಜಿ. ಮತ್ತೆ ಉಮ್ಮ, ಝೈಬುನ್ನಿಸಾ ಆಂಟಿ, ಅಫ್ರೀದ್. ಆ ದುವಾದ ಒಂದು ಶಬ್ದವೂ ಅರ್ಥವಾಗದ ನೊರೈನಾ ಆಂಟಿ ಎಲ್ಲರಿಗಿಂತ ಜೋರಾಗಿ ಹೇಳಿದರು.

ಅಬ್ಬನ ಸ್ವರ ಕೇಳಲಿಲ್ಲ. ಜಸ್ನಾ ಹೆದರುತ್ತಾ ಅವರ ಕಡೆ ತಿರುಗಿದಳು. ಅಬ್ಬನ ತುಟಿ ಅಲ್ಲಾಡುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಅವರು ಜಸ್ನಾಳನ್ನು ನೋಡುತ್ತಿರಲಿಲ್ಲ. ಪರದೆಯ ಮೇಲಿನ ಆ ಸಣ್ಣ ಮುಖವನ್ನೇ ನೋಡುತ್ತಿದ್ದರು, ಸ್ಕೂಲಿನ ಮೊದಲ ದಿನ ಗೇಟಿನ ಹೊರಗೆ ಉಳಿದ ಉಮ್ಮನನ್ನು ಮಕ್ಕಳು ನೋಡುವ ಹಾಗೆ.

ಒಂದು ವಾರದಿಂದ ಅಬ್ಬ ಬಾಲ್ಕನಿಯಲ್ಲಿ ಯಾಕೆ ಹಾಗೆ ನಡೆಯುತ್ತಿದ್ದರೆಂದು ಜಸ್ನಾಳಿಗೆ ಆಗ ಗೊತ್ತಾಯಿತು.

ಬಾಂಗ್ ಮುಗಿಯಿತು. ಬೆಳಗಿನ ಜಾವದಿಂದ ಹಸಿದಿದ್ದ ಅಬ್ಬ ಇನ್ನೂ ಹಾಗೆಯೇ ಕೂತಿದ್ದರು. ಜಸ್ನಾ ತಟ್ಟೆಯಿಂದ ಒಂದು ಖರ್ಜೂರ ತೆಗೆದು, ಬೀಜ ಬಿಡಿಸಿ, ಅಬ್ಬನ ಬಾಯಿಯ ಹತ್ತಿರ ಹಿಡಿದಳು.